ಬರಿಯ ಒಂದು ಷೆಡ್ಡು

ಬೇಸಗೆಗೂ ಸಂಗೀತಕ್ಕೂ ಏನೋ ಒಂದು ಹಳೆಯ ನಂಟಿದೆ. ಯುಗಾದಿ ಕಳೆದು, ಮರದ ಮೇಲಿನ ಮಾವು ಬಲಿಯುವ ಹೊತ್ತಿಗೆ ನಮ್ಮ ಊರುಗಳಲ್ಲಿ ಚಪ್ಪರಗಳು ಏಳುತ್ತವೆ. ರಾಮನವಮಿಯ ನೆಪದಲ್ಲಿ ಪಾನಕ ಕೋಸಂಬರಿಗಳ ಜೊತೆಗೆ ತೋಡಿಯೂ ಕಾಂಭೋಜಿಯೂ ಊರಿಗೆ ಬರುತ್ತವೆ. ಬೀಸಣಿಗೆ ಆಡಿಸುತ್ತ, ಜಮಖಾನದ ಅಂಚಿನಲ್ಲಿ ಮಲಗಿದ ಮಗುವಿನ ಮೇಲೆ ಸೆರಗು ಹೊದಿಸುತ್ತ, ಹೊರಗೆ ನಿಂತ ಜಟಕಾ ಕುದುರೆಯ ಗೆಜ್ಜೆಯ ಸದ್ದನ್ನೂ ತಾಳಕ್ಕೆ ಸೇರಿಸಿಕೊಂಡು ಸಂಗೀತ ಕೇಳಿದ ತಲೆಮಾರಿಗೆ ಸೇರಿದವನು ನಾನು. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರವನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಈ ದಿನ ನಾನು ಹೇಳಹೊರಟಿರುವುದು ಬಹು ದೂರದ ಇನ್ನೊಂದು ಚಪ್ಪರದ ಕಥೆಯನ್ನು. ಅದನ್ನು ಹೇಳುವುದಕ್ಕೆ ನನಗೊಂದು ಸ್ವಂತ ಕಾರಣವೂ ಉಂಟು. ಅದನ್ನು ಕೊನೆಗೆ ಅರಿಕೆ ಮಾಡಿಕೊಳ್ಳುತ್ತೇನೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮದ ಅಂಚಿನಲ್ಲಿ ಬರ್ಕ್‌ಷೈರ್ ಎಂಬ ಗುಡ್ಡಗಾಡು ಸೀಮೆ ಇದೆ. ಅಲ್ಲಿ ಲೆನಾಕ್ಸ್, ಸ್ಟಾಕ್‌ಬ್ರಿಜ್ ಎಂಬ ಎರಡು ಪುಟ್ಟ ಊರುಗಳು ಅಕ್ಕಪಕ್ಕದಲ್ಲಿವೆ. ಲೆನಾಕ್ಸಿನ ಜನಸಂಖ್ಯೆ ಇಂದಿಗೂ ಸುಮಾರು 5,000. ನಮ್ಮ ಲೆಕ್ಕದಲ್ಲಿ ಅದು ಒಂದು ದೊಡ್ಡ ಹಳ್ಳಿ. ಈ ಎರಡು ಊರುಗಳ ನಡುವೆ, ಒಂದು ಸರೋವರವನ್ನು ನೋಡುತ್ತಿರುವ ಇಳಿಜಾರಿನ ಮೇಲೆ, ಟ್ಯಾಂಗಲ್‌ವುಡ್ ಎಂಬ ತಾಣವಿದೆ. ಹೆಸರಿಗೆ ಹೆಣೆದುಕೊಂಡ ಕಾಡು ಎಂದು ಅರ್ಥ ಹೇಳಬಹುದು. ಹಲವು ವರ್ಷಗಳ ಹಿಂದೆ, ಬಾಸ್ಟನ್ನಿನಲ್ಲಿ ನೆಲೆಸಿದ್ದ ನನ್ನ ಮಗ ಒಂದು ಭಾನುವಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ.

ಸಾಹಿತ್ಯದ ಅಭಿರುಚಿಯುಳ್ಳವರಿಗೆ ಆ ಹೆಸರು ಹೊಸದಲ್ಲ. 1850ರಲ್ಲಿ ಕಾದಂಬರಿಕಾರ ನತಾನಿಯಲ್ ಹಾಥಾರ್ನ್ ಹೆಂಡತಿ ಮಕ್ಕಳೊಡನೆ ಲೆನಾಕ್ಸಿಗೆ ಬಂದು, ಟ್ಯಾಪನ್ ಎಂಬ ಮನೆತನದವರಿಗೆ ಸೇರಿದ್ದ ಒಂದು ಚಿಕ್ಕ ಕೆಂಪು ಮನೆಯಲ್ಲಿ ವಾಸವಾಗಿದ್ದ. ಅಲ್ಲಿದ್ದುದು ಒಂದೂವರೆ ವರ್ಷ ಮಾತ್ರ. ಅಷ್ಟರಲ್ಲಿಯೇ ಒಂದು ಮಹಾಕಾದಂಬರಿಯನ್ನೂ, ಗ್ರೀಕ್ ಪುರಾಣದ ಕಥೆಗಳನ್ನು ಮಕ್ಕಳಿಗೆ ಹೇಳುವ ಒಂದು ಸಂಕಲನವನ್ನೂ ಬರೆದು ಮುಗಿಸಿದ. ಆ ಮಕ್ಕಳ ಕಥೆಗಳಿಗಾಗಿ ಆತ ಕಲ್ಪಿಸಿಕೊಂಡ ಹೆಸರೇ ಟ್ಯಾಂಗಲ್‌ವುಡ್. ಮುಂದೆ 1853ರಲ್ಲಿ ಬಂದ ಎರಡನೆಯ ಸಂಕಲನದ ಶೀರ್ಷಿಕೆಯಲ್ಲೂ ಆ ಹೆಸರು ಬಂತು; ಟ್ಯಾಪನ್ ಮನೆತನದ ಎಸ್ಟೇಟಿಗೂ ಅದೇ ಹೆಸರು ನಿಂತಿತು. ಅದೇ 1850ರ ಆಗಸ್ಟ್ ತಿಂಗಳಲ್ಲಿ, ಹತ್ತಿರದ ಬೆಟ್ಟವೊಂದನ್ನು ಹತ್ತಲು ಹೋದ ಗುಂಪಿನಲ್ಲಿ, ಹಾಥಾರ್ನ್‌ಗೆ ಹರ್ಮನ್ ಮೆಲ್ವಿಲ್‌ನ ಪರಿಚಯವಾಯಿತು. ಮರುವರ್ಷ ಪ್ರಕಟವಾದ ‘ಮೋಬಿ ಡಿಕ್’ ಹಾಥಾರ್ನ್‌ಗೆ ಅರ್ಪಿತವಾಗಿದೆ. ಹೀಗೆ ಸಂಗೀತ ಬರುವುದಕ್ಕೆ ಮೊದಲೇ ಆ ನೆಲಕ್ಕೆ ಸರಸ್ವತಿಯ ಪಾದ ತಾಗಿತ್ತು ಎನ್ನಬೇಕು.

ಸಂಗೀತ ಬಂದದ್ದು 1934ರಲ್ಲಿ. ಅಮೆರಿಕ ಆರ್ಥಿಕ ಮುಗ್ಗಟ್ಟಿನಿಂದ ತತ್ತರಿಸುತ್ತಿದ್ದ ಕಾಲ ಅದು. ಹಿಂದಿನ ಶತಮಾನದ ಕೊನೆಯಲ್ಲಿ ಕೋಟ್ಯಧೀಶರು ಬರ್ಕ್‌ಷೈರಿನಲ್ಲಿ ಕಟ್ಟಿಸಿ, ವಿನಯಕ್ಕೆ ‘ಕಾಟೇಜು’ ಎಂದು ಕರೆದ ಮಹಲುಗಳ ವೈಭವ ಇಳಿಮುಖವಾಗಿತ್ತು. ಅಂಥ ಹೊತ್ತಿನಲ್ಲಿ ಬೇಸಗೆಯ ಮೂರು ರಾತ್ರಿ ಬಯಲಿನಲ್ಲಿ ವಾದ್ಯಮೇಳವನ್ನು ಕೇಳಿಸಬೇಕೆಂಬ ಯೋಚನೆಯನ್ನು ಕೈಗೂಡಿಸಲು ಟೊಂಕಕಟ್ಟಿ ನಿಂತವರಲ್ಲಿ ಗರ್ಟ್ರೂಡ್ ರಾಬಿನ್‌ಸನ್ ಸ್ಮಿತ್ ಎಂಬ ಮಹಿಳೆ ಮುಖ್ಯರು. ಆಗಸ್ಟ್ ತಿಂಗಳ ಕೊನೆಯಲ್ಲಿ, ಟ್ಯಾಂಗಲ್‌ವುಡ್ಡಿನಿಂದ ಒಂದು ಮೈಲಿ ದೂರದ ಬಯಲಿನಲ್ಲಿ, ಹೆನ್ರಿ ಹ್ಯಾಡ್ಲಿಯವರ ನಿರ್ದೇಶನದಲ್ಲಿ ನ್ಯೂಯಾರ್ಕಿನ ವಾದಕರು ನುಡಿಸಿದರು. ಜನ ಬಂದರು. ಮರುವರ್ಷವೂ ಬಂದರು.

1936ರಲ್ಲಿ ಬಾಸ್ಟನ್ ಸಿಂಫನಿ ವಾದ್ಯಮೇಳಕ್ಕೆ ಆಹ್ವಾನ ಹೋಯಿತು. ಅದರ ನಿರ್ದೇಶಕರು ಸರ್ಜ್ ಕೂಸೆವಿಟ್ಸ್‌ಕಿ. ರಷ್ಯದಲ್ಲಿ ಹುಟ್ಟಿ, ಡಬಲ್ ಬಾಸ್ ಎಂಬ ಆಳುದ್ದದ ತಂತಿವಾದ್ಯದಲ್ಲಿ ಹೆಸರು ಮಾಡಿ, 1924ರಿಂದ ಬಾಸ್ಟನ್ ಮೇಳವನ್ನು ನಡೆಸುತ್ತಿದ್ದವರು. ಆ ಬೇಸಗೆ ಒಂದು ದೊಡ್ಡ ಡೇರೆಯ ಕೆಳಗೆ ನಡೆದ ಮೂರು ಕಚೇರಿಗಳಿಗೆ ಒಟ್ಟು 15,000ದಷ್ಟು ಶ್ರೋತೃಗಳು ಸೇರಿದರಂತೆ. ಅದೇ ಚಳಿಗಾಲದಲ್ಲಿ ಟ್ಯಾಪನ್ ವಂಶದ ಇಬ್ಬರು ಮಹಿಳೆಯರು ತಮ್ಮ 210 ಎಕರೆಯ ಟ್ಯಾಂಗಲ್‌ವುಡ್ ಎಸ್ಟೇಟನ್ನೇ ಕೂಸೆವಿಟ್ಸ್‌ಕಿಯವರಿಗೂ ಅವರ ಮೇಳಕ್ಕೂ ದಾನವಾಗಿ ಕೊಟ್ಟರು. ನೆಲ ಸಿಕ್ಕಿತು. ಸೂರು ಇನ್ನೂ ಡೇರೆಯದೇ.

1937ರ ಆಗಸ್ಟ್ 12. ಅಂದು ಬರಿಯ ವಾಗ್ನರ್ ಕೃತಿಗಳ ಕಚೇರಿ. ಮೊದಲ ಕೃತಿ ನಡೆಯುತ್ತಿದ್ದಂತೆಯೇ ಗುಡುಗು ಮಳೆ ಶುರುವಾಯಿತು. ಎರಡು ಸಲ ವಾದನವನ್ನು ನಿಲ್ಲಿಸಬೇಕಾಯಿತು. ಕಾಡಿನ ಎಲೆಗಳ ಮರ್ಮರವನ್ನು ನುಡಿಸುವ ಒಂದು ಮೃದುವಾದ ಭಾಗವನ್ನಂತೂ, ಡೇರೆಯ ಮೇಲೆ ಸುರಿಯುವ ಮಳೆಯಲ್ಲಿ ಅದು ಯಾರಿಗೂ ಕೇಳಿಸದೆಂದು, ಪೂರ್ತಿಯಾಗಿ ಕೈಬಿಟ್ಟರು. ಕಾಡಿನ ನಡುವೆಯೇ ಕಾಡಿನ ಸಂಗೀತಕ್ಕೆ ಎಡೆಯಿಲ್ಲದೆ ಹೋಯಿತು.

ವಿರಾಮದ ಹೊತ್ತಿಗೆ ರಾಬಿನ್‌ಸನ್ ಸ್ಮಿತ್ ಸಭೆಯ ಮುಂದೆ ನಿಂತು, ಒಂದು ಶಾಶ್ವತವಾದ ಮಂಟಪಕ್ಕಾಗಿ ಹಣ ಕೊಡಿರೆಂದು ಕೇಳಿಕೊಂಡರು. ಉಳಿದ ಎರಡು ಕಚೇರಿಗಳಲ್ಲಿ ಅಚ್ಚು ಹಾಕಿಸಿದ ಕರಪತ್ರ ಹಂಚಿದರು. ಕೆಲವೇ ಸಮಯದಲ್ಲಿ ಯೋಜನೆ ಆರಂಭಿಸುವಷ್ಟು ಹಣ ಕೂಡಿತು. ತೊಯ್ದ ಶ್ರೋತೃವಿನಷ್ಟು ಉದಾರಿ ಬೇರೆ ಯಾರಿದ್ದಾರೆ?

ಇಲ್ಲಿಂದ ಮುಂದಿನದು ನನಗೆ ಬಹು ಪ್ರಿಯವಾದ ಭಾಗ. ನಕ್ಷೆ ತಯಾರಿಸಲು ಎಲಿಯಲ್ ಸಾರಿನೆನ್ ಅವರನ್ನು ಗೊತ್ತುಮಾಡಿದರು. ಹೆಲ್ಸಿಂಕಿಯ ಪ್ರಸಿದ್ಧ ರೈಲು ನಿಲ್ದಾಣವನ್ನು ರೂಪಿಸಿದ ಮಹಾಶಿಲ್ಪಿ ಅವರು. ಸಮಿತಿಯ ಕೈಯಲ್ಲಿ ಇದ್ದ ಮಿತಿ 1,00,000 ಡಾಲರು. ಸಾರಿನೆನ್ನರ ಕಲ್ಪನೆ ಅದನ್ನು ಎಷ್ಟೋ ಮೀರಿತು. ಸರಳಗೊಳಿಸಿ ಎಂದರು, ಸರಳಗೊಳಿಸಿದರು, ಆಗಲೂ ದುಬಾರಿ. ಕೊನೆಗೆ ಅವರು ಬೇಸತ್ತು, ಇಷ್ಟೇ ಹಣದಲ್ಲಿ ಆಗಬೇಕೆಂದರೆ ನಿಮಗೆ ಸಿಕ್ಕುವುದು ಬರಿಯ ಒಂದು ಷೆಡ್ಡು, ಅದಕ್ಕೆ ಶಿಲ್ಪಿ ಬೇಕಿಲ್ಲ, ಯಾವ ಮೇಸ್ತ್ರಿಯಾದರೂ ಕಟ್ಟಿಯಾನು ಎಂಬ ಅರ್ಥದಲ್ಲಿ ಬರೆದು ತಿಳಿಸಿದರು.

ಸಮಿತಿಯವರು ಆ ಮಾತನ್ನು ಅವಮಾನವೆಂದು ತಿಳಿಯದೆ ಸಲಹೆಯೆಂದು ತಿಳಿದದ್ದು ಅವರ ದೊಡ್ಡತನ. ಸ್ಟಾಕ್‌ಬ್ರಿಜ್ ಊರಿನವರೇ ಆದ ಜೋಸೆಫ್ ಫ್ರಾಂಜ್ ಎಂಬ ಎಂಜಿನಿಯರನ್ನು ಕರೆದು, ಸಾರಿನೆನ್ನರ ನಕ್ಷೆಯನ್ನು ಇನ್ನಷ್ಟು ಸರಳಗೊಳಿಸಿ ಕಟ್ಟಿಕೊಡಿ ಎಂದರು. ಬೀಸಣಿಗೆಯ ಆಕಾರದ ಚಾವಣಿ, ಉಕ್ಕಿನ ಕಂಬಗಳು, ಪಕ್ಕಗಳಿಗೆ ಗೋಡೆಯಿಲ್ಲ, ಒಳಗೆ ಸುಮಾರು 5,000 ಆಸನಗಳು, ಹೊರಗೆ ಹುಲ್ಲಿನ ಬಯಲು. ಡೇರೆಯಲ್ಲಿ ಮಳೆಗೆ ಸೋತ ಮರುವರ್ಷವೇ, 1938ರ ಆಗಸ್ಟ್ 4ರ ಸಂಜೆ, ಬೇಟೋವೆನ್ನನ ಒಂಬತ್ತನೆಯ ಸಿಂಫನಿಯೊಡನೆ ಅದರ ಪ್ರಾರಂಭೋತ್ಸವವಾಯಿತು. ಜನ ಅದನ್ನು ಷೆಡ್ಡು ಎಂದೇ ಕರೆದರು. 1988ರಲ್ಲಿ ಐವತ್ತು ತುಂಬಿದಾಗ ಕೂಸೆವಿಟ್ಸ್‌ಕಿಯವರ ಹೆಸರಿಟ್ಟು ಗೌರವಿಸಿದರು. ಆಗಲೂ ‘ಷೆಡ್ಡು’ ಎಂಬ ಮಾತನ್ನು ಬಿಡಲಿಲ್ಲ.

ಕಟ್ಟಿದ್ದನ್ನು ಉಳಿಸಿಕೊಳ್ಳುವುದು ಇನ್ನೊಂದೇ ಸಾಹಸ. 1942ರಲ್ಲಿ ಯುದ್ಧದ ಕಾರಣ ಮೇಳದ ಆಡಳಿತದವರು ಬೇಸಗೆಯ ಉತ್ಸವವನ್ನು ನಿಲ್ಲಿಸಿದರು. ಅದೇ ವರ್ಷದ ಆರಂಭದಲ್ಲಿ ಕೂಸೆವಿಟ್ಸ್‌ಕಿ ಪತ್ನಿಯನ್ನು ಕಳೆದುಕೊಂಡಿದ್ದರು. ಆಕೆಯ ನೆನಪಿಗೆ ಸ್ಥಾಪಿಸಿದ ನಿಧಿಯ ನೆರವಿನಿಂದ, 1940ರಲ್ಲಿ ತಾವೇ ಅಲ್ಲಿ ಆರಂಭಿಸಿದ್ದ ಸಂಗೀತಶಾಲೆಯ ವಿದ್ಯಾರ್ಥಿಗಳನ್ನು ಕೂಡಿಸಿ ಕಚೇರಿ ನಡೆಸಿದರು. ಮುತ್ತಿಗೆಗೆ ಸಿಕ್ಕ ಲೆನಿನ್‌ಗ್ರಾಡಿಗೆ ಷೊಸ್ತಕೋವಿಚ್ ಅರ್ಪಿಸಿದ ಏಳನೆಯ ಸಿಂಫನಿ ಅಮೆರಿಕದ ಕಚೇರಿ ವೇದಿಕೆಯಲ್ಲಿ ಮೊದಲು ಕೇಳಿಸಿದ್ದು ಆ ಬೇಸಗೆ, ಆ ಷೆಡ್ಡಿನಲ್ಲಿ, ಆ ಹುಡುಗ ಹುಡುಗಿಯರ ಕೈಯಿಂದ. ಪರಂಪರೆಯ ದೀಪ ಆರದಂತೆ ಕೈ ಅಡ್ಡ ಹಿಡಿಯುವವರು ಕೆಲವೊಮ್ಮೆ ಕಲಿಯುವ ಮಕ್ಕಳೇ.

ಆ ಶಾಲೆಯ ಮೊದಲ ತಂಡದಲ್ಲಿದ್ದ ಲೆನರ್ಡ್ ಬರ್ನ್‌ಸ್ಟೈನ್ ಅರ್ಧ ಶತಮಾನ ಅಲ್ಲಿಗೆ ಬರುತ್ತಲೇ ಇದ್ದರು. 1990ರ ಆಗಸ್ಟ್ 19ರಂದು ತಮ್ಮ ಬಾಳಿನ ಕೊನೆಯ ಕಚೇರಿಯನ್ನು ಅಲ್ಲಿಯೇ ನಡೆಸಿ, ಎರಡು ತಿಂಗಳು ತುಂಬುವುದರೊಳಗೆ ತೀರಿಕೊಂಡರು. ನಮ್ಮ ಮುಂಬಯಿಯ ಜುಬಿನ್ ಮೆಹ್ತಾ ಕೂಡ 1958ರಲ್ಲಿ ಅಲ್ಲಿ ಕಲಿತು ಬಹುಮಾನ ಪಡೆದವರೇ. ಕೂಸೆವಿಟ್ಸ್‌ಕಿ 1951ರಲ್ಲಿ ನಿಧನರಾದರು. ಅವರ ಸಮಾಧಿ ಲೆನಾಕ್ಸಿನ ಗುಡ್ಡದ ಮೇಲಿನ ಇಗರ್ಜಿಯ ಬಳಿ ಇದೆ.

ಷೆಡ್ಡಿಗೆ ದೋಷವಿರಲಿಲ್ಲವೆಂದಲ್ಲ. ಬಯಲಿನಲ್ಲಿ ನಾದದ ಸ್ವಭಾವ ನಿಮಗೆ ಗೊತ್ತೇ ಇದೆ: ಹೊರಟದ್ದು ಹೊರಟೇ ಹೋಗುತ್ತದೆ, ಗೋಡೆಗೆ ತಾಗಿ ಮರಳುವುದಿಲ್ಲ. ಅದಕ್ಕಾಗಿ 1959ರಲ್ಲಿ ವೇದಿಕೆಯ ಮೇಲೆ ತ್ರಿಕೋನಾಕಾರದ ಹಲಗೆಗಳನ್ನು ನಡುನಡುವೆ ಸಂದು ಬಿಟ್ಟು ತೂಗುಹಾಕಿದರು. ನಾದದ ಒಂದು ಪಾಲು ಹಲಗೆಗೆ ತಾಗಿ ಬೇಗನೆ ಶ್ರೋತೃವಿಗೆ ಬಂದು ಸ್ಪಷ್ಟತೆ ಕೊಡುತ್ತದೆ. ಇನ್ನೊಂದು ಪಾಲು ಸಂದಿನಲ್ಲಿ ಮೇಲೇರಿ, ಚಾವಣಿಯ ಕೆಳಗೆ ಸುಳಿದು, ತುಂಬು ಕೊಡುತ್ತದೆ. ಸುಧಾರಣೆ ಮಾಡಿದರು, ಗೋಡೆ ಕಟ್ಟಲಿಲ್ಲ. 1986ರಲ್ಲಿ ಪಕ್ಕದ ಎಸ್ಟೇಟನ್ನೂ ಕೊಂಡು ಬಯಲನ್ನು ಹಿಗ್ಗಿಸಿದರು. 1994ರಲ್ಲಿ ಅಲ್ಲೊಂದು ಹೊಸ ಸಭಾಂಗಣ ಎದ್ದಿತು. ಅದರ ಹಿಂಬದಿಯೂ ಹುಲ್ಲಿನ ಬಯಲಿಗೆ ತೆರೆದುಕೊಳ್ಳುವಂಥದೇ. 2020ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಬಯಲು ಬರಿದಾಯಿತು; 2021ರಲ್ಲಿ ಮಿತ ಸಂಖ್ಯೆಯ ಶ್ರೋತೃಗಳೊಡನೆ ಮತ್ತೆ ಹಸಿರಾಯಿತು.

ನಾನು ಹೋದ ದಿನ ನಮಗೆ ಸಿಕ್ಕಿದ್ದು ಬಯಲಿನ ಟಿಕೆಟ್ಟು. ಜನ ಬುಟ್ಟಿಗಳಲ್ಲಿ ಬುತ್ತಿ ತಂದು, ಕಂಬಳಿ ಹಾಸಿ ಕುಳಿತಿದ್ದರು. ಮಗುವೊಂದು ಅಂಬೆಗಾಲಿಟ್ಟು ನಮ್ಮ ಚಾಪೆಯವರೆಗೂ ಬಂತು. ಅರ್ಧದಲ್ಲಿ ತುಂತುರು ಹನಿಯಿತು. ಪಕ್ಕದ ವೃದ್ಧೆಯೊಬ್ಬರು ಏನೂ ಮಾತಾಡದೆ ತಮ್ಮ ಕೊಡೆಯನ್ನು ಅರ್ಧ ನನ್ನ ಕಡೆಗೆ ವಾಲಿಸಿದರು. ಆ ಸಂಗೀತದ ಒಳಗುಟ್ಟು ನನಗೆ ಅಷ್ಟಾಗಿ ತಿಳಿಯದು. ಆದರೆ ಆ ಕೊಡೆಯ ಕೆಳಗೆ ಕುಳಿತಾಗ, ಐವತ್ತು ವರ್ಷ ಹಿಂದಿನ ನಮ್ಮೂರ ಚಪ್ಪರ ಕಣ್ಣಿಗೆ ಕಟ್ಟಿತು. ಕೂಡಲೇ ನಾಚಿಕೆಯೂ ಆಯಿತು.

ನಾಚಿಕೆಯ ಕಾರಣವನ್ನು ಈಗ ಹೇಳಿಬಿಡುತ್ತೇನೆ. ನಮ್ಮೂರಿನ ಶಾಲೆಯ ಬಯಲಿನಲ್ಲಿ ರಾಮನವಮಿಗೆ ಒಂಬತ್ತು ರಾತ್ರಿ ಸಂಗೀತ ನಡೆಯುತ್ತಿತ್ತು. ತೆಂಗಿನ ಗರಿಯ ಚಪ್ಪರ, ಹೊಂಗೆಯ ಮರದ ಕೆಳಗೆ ಪಾನಕದ ಹಂಡೆ. ಒಂದು ವರ್ಷ ಮಳೆ ಬಂದು ಕಚೇರಿ ಕೆಟ್ಟಿತು. ಪಿಟೀಲು ವಿದ್ವಾಂಸರು ವಾದ್ಯವನ್ನು ಅಂಗವಸ್ತ್ರದಲ್ಲಿ ಸುತ್ತಿಕೊಂಡು ಓಡಬೇಕಾಯಿತು. ಮರುವರ್ಷ ಸಮಿತಿಯ ಸಭೆಯಲ್ಲಿ, ಇನ್ನು ಮುಂದೆ ಕಲ್ಯಾಣಮಂಟಪದಲ್ಲಿ ನಡೆಸೋಣ, ಅಲ್ಲಿ ಫ್ಯಾನು ಇದೆ, ಕುರ್ಚಿ ಇದೆ ಎಂಬ ಸೂಚನೆ ಬಂತು. ಅದಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಕುರ್ಚಿಗಳು ಇದ್ದವು, ನಿಜ. ಆದರೆ ಸಂತೆಯಿಂದ ಮರಳುವಾಗ ಗಾಡಿ ನಿಲ್ಲಿಸಿ ಕೇಳುತ್ತಿದ್ದ ರೈತ ಒಳಗೆ ಬರಲಿಲ್ಲ. ಅಂಗಡಿ ಮುಚ್ಚಿ ಹತ್ತು ಗಂಟೆಗೆ ಬಂದು ಹಿಂದೆ ನಿಲ್ಲುತ್ತಿದ್ದವರು ಬಾಗಿಲು ಮುಚ್ಚಿದ್ದನ್ನು ಕಂಡು ಹಿಂದಿರುಗಿದರು. ಒಂಬತ್ತು ರಾತ್ರಿ ಐದಾಯಿತು, ಐದು ಒಂದಾಯಿತು, ಆಮೇಲೆ ಧ್ವನಿಮುದ್ರಿಕೆಯಾಯಿತು. ಬಯಲಿನ ರಸ್ತೆಬದಿಯ ಅರ್ಧಕ್ಕೆ ಅಂಗಡಿಸಾಲು ಬಂತು. ಅಲ್ಲಿ ಸಂಗೀತ ನಡೆಯುತ್ತಿದ್ದಿದ್ದರೆ ಆ ನೆಲವನ್ನು ಕೇಳುವ ಧೈರ್ಯ ಯಾರಿಗೂ ಆಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನಾವೂ ಮಳೆಗೆ ಹೆದರಿದೆವು, ಅವರೂ ಮಳೆಗೆ ಹೆದರಿದರು. ನಾವು ಬಯಲನ್ನು ಬಿಟ್ಟು ಸೂರಿಗೆ ಹೋದೆವು. ಅವರು ಸೂರನ್ನು ಬಯಲಿಗೆ ತಂದರು. ವ್ಯತ್ಯಾಸ ಅಷ್ಟೇ. ಅವರಿಗೆ ದಾನಿಗಳಿದ್ದರು, ಡಾಲರಿತ್ತು ಎಂದು ನೀವು ಹೇಳಬಹುದು. ನಿಜವೇ. ಆದರೆ ಅವರ ಷೆಡ್ಡು ಹುಟ್ಟಿದ್ದು ಹಣ ಹೆಚ್ಚಾಗಿ ಅಲ್ಲ, ಸಾಲದೆ. ಇಷ್ಟು ಸಾಕು ಎಂದು ಅವರು ಗೆರೆ ಎಳೆದುದರಿಂದ.

ಕಳೆದ ವರ್ಷ ನಮ್ಮೂರಿನ ಕೆಲವರು ತರುಣರು ನನ್ನನ್ನು ಕಾಣಲು ಬಂದಿದ್ದರು. ಬಯಲಿನ ಉಳಿದ ಅರ್ಧದಲ್ಲಿ ಒಂದು ಭವ್ಯವಾದ ಕಲಾಮಂದಿರ ಆಗಬೇಕು, ಮನವಿಗೆ ತಾವೂ ಸಹಿ ಹಾಕಬೇಕು ಎಂದರು. ನಕ್ಷೆಯನ್ನು ಬಿಡಿಸಿ ತೋರಿಸಿದರು. ಕಮಾನು, ಮೆಟ್ಟಿಲು, ಹವಾನಿಯಂತ್ರಣ ಎಲ್ಲವೂ ಇದ್ದವು. ಹೊಂಗೆಯ ಮರ ಮಾತ್ರ ಇರಲಿಲ್ಲ. ನಾನು ಅವರಿಗೆ ಕಾಫಿ ಕೊಟ್ಟು, ಈಗ ನಿಮಗೆ ಹೇಳಿದ ಕಥೆಯನ್ನೇ ಹೇಳಿದೆ. ಕೊನೆಗೆ, “ಅಪ್ಪಾ, ನಾಲ್ಕು ಸಾಲು ಕಂಬ, ಮೇಲೊಂದು ಚಾವಣಿ, ಅಷ್ಟಕ್ಕೆ ಮನವಿ ಬರೆದುಕೊಂಡು ಬನ್ನಿ, ಮೊದಲ ಸಹಿ ನನ್ನದು” ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾತ ಮೆಲ್ಲಗೆ, “ಅದು ಬರಿಯ ಷೆಡ್ಡಾಗುತ್ತದಲ್ಲ, ಸಾರ್?” ಎಂದ.

ಆಗಲಿ ಎಂದೆ. ಅವರು ಮತ್ತೆ ಬರುವುದನ್ನು ಕಾದಿದ್ದೇನೆ.

(ಬಾನುಲಿ ಭಾಷಣದ ಬರಹರೂಪ)