ಸರೋವರದ ನೀರು ಬೇಸಿಗೆಯಲ್ಲಿ ಎತ್ತ ಹೋಗುತ್ತೆ?

(1/4)
2014ರ ಆಗಸ್ಟ್ 2, ಅಮೆರಿಕದ ಟೊಲೀಡೊ ನಗರ. ಅಲ್ಲಿ ಆಗ ನಡು ಬೇಸಿಗೆ. ಜನಕ್ಕೆ ಸೂಚನೆ ಬಂತು: ನಲ್ಲಿ ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ. ಕುದಿಸಿದ್ರೆ ಏನಾಗುತ್ತೆ ಅಂತೀರಾ? ನೀರಲ್ಲಿದ್ದದ್ದು ಮೈಕ್ರೊಸಿಸ್ಟಿನ್ ಅನ್ನೋ ವಿಷ. ಅದು ಕುದಿಸಿದ್ರೆ ಹೋಗಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತೆ. ಈರಿ ಸರೋವರದಲ್ಲಿ ಹಬ್ಬಿದ ಹಸಿರು ಪಾಚಿಯಿಂದ ಅದು ಬಂದಿತ್ತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನಕ್ಕೆ ಆಗಸ್ಟ್ 4ರವರೆಗೆ ಬಾಟಲಿ ನೀರೇ ಗತಿ.

ಪಾಚಿ ಎಲ್ಲಿದೆ ಅಂತ ಸ್ಯಾಟಲೈಟ್‌ಗೆ ಕಾಣುತ್ತೆ. ಆದ್ರೆ ನಾಳೆ ಅದು ಊರಿಗೆ ನೀರೆಳೆಯೋ ಪೈಪಿನ ಬಾಯಿಗೆ ಬರುತ್ತಾ? ಅದನ್ನ ಹೇಳೋಕೆ ನೀರು ಎತ್ತ ಹರಿಯುತ್ತೆ ಅಂತ ಗೊತ್ತಿರಬೇಕು. ಈ ಹುಡುಕಾಟಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ.

(2/4)
ಅಮೆರಿಕ-ಕೆನಡಾ ಗಡಿಯ ಮಹಾ ಸರೋವರಗಳು ಐದು. ಅದರಲ್ಲಿ ಮಿಷಿಗನ್ ಒಂದೇ ಸುಮಾರು 58,000 ಚದರ ಕಿ.ಮೀ., ಅಂದ್ರೆ ನಮ್ಮ ಕರ್ನಾಟಕದ ಸುಮಾರು 30%. ಇಷ್ಟು ದೊಡ್ಡ ನೀರಿನ ಹರಿವನ್ನ ಅಳೆಯೋದು ಹೇಗೆ? 1892ರಿಂದ 1894ರವರೆಗೆ ಅಮೆರಿಕದ ಹವಾಮಾನ ಇಲಾಖೆಯ ಮುಖ್ಯಸ್ಥ ಮಾರ್ಕ್ ಹ್ಯಾರಿಂಗ್ಟನ್ ಅವರು ಬಾಟಲಿಯೊಳಗೆ ಚೀಟಿ ಇಡಿಸಿ ನೀರಿಗೆ ಬಿಡಿಸಿದರು. ಸಿಕ್ಕವರು ಎಲ್ಲಿ ಸಿಕ್ತು ಅಂತ ಬರೆದು ಕಳಿಸಬೇಕು. ಅದರಿಂದಲೇ ಹರಿವಿನ ನಕ್ಷೆ ತಯಾರಾಯ್ತು. (ಬಾಟಲಿಗಳ ಜಾಡು ಹಿಡಿದ ಈ ಮನುಷ್ಯ 1899ರಲ್ಲಿ ಮನೆ ಬಿಟ್ಟು ಹೋಗಿ ತಾನೇ ಕಾಣೆಯಾದರು! ಎಷ್ಟೋ ವರ್ಷ ಆದ್ಮೇಲೆ ನ್ಯೂಜೆರ್ಸಿಯ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಸಿಕ್ಕರು.)

ನಮ್ಮ ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ ಬಾಟಲಿಗೆ ಓಪನಿಂಗ್ ಬ್ಯಾಲೆನ್ಸ್ ಇದೆ, ಕ್ಲೋಸಿಂಗ್ ಬ್ಯಾಲೆನ್ಸ್ ಇದೆ, ನಡುವೆ ಒಂದು ಎಂಟ್ರಿಯೂ ಇಲ್ಲ. ಮೇಲಾಗಿ ಅದು ಹೇಳೋದು ಮೇಲ್ಮೈ ನೀರಿನ ಕಥೆ ಮಾತ್ರ.

(3/4)
ಬೇಸಿಗೆಯ ಹರಿವೇ ಯಾಕೆ ಇಷ್ಟು ಕಗ್ಗಂಟು ಗೊತ್ತಾ? ದಡದ ಹತ್ತಿರ ನೀರು ಆಳ ಇರಲ್ಲ, ಬೇಗ ಬಿಸಿಯಾಗಿ ಹಗುರ ಆಗುತ್ತೆ. ನಡುವೆ ತಣ್ಣನೆಯ ಭಾರದ ನೀರು ಗುಮ್ಮಟದ ಹಾಗೆ ಉಬ್ಬಿ ನಿಂತಿರುತ್ತೆ. ದಡದಿಂದ ನಡುವಿಗೆ ಹೊರಟ ಬೆಚ್ಚನೆ ನೀರು ಭೂಮಿ ತಿರುಗೋದ್ರಿಂದ ಬಲಕ್ಕೆ ವಾಲುತ್ತೆ. ಹಾಗಾಗಿ ಇಡೀ ಸರೋವರ ನಿಧಾನಕ್ಕೆ ಅಪ್ರದಕ್ಷಿಣೆ ಹಾಕೋಕೆ ಶುರು ಮಾಡುತ್ತೆ. ಅದರ ಮೇಲೆ ಗಾಳಿ ಬೇರೆ, ದಿನಕ್ಕೊಂದು ದಿಕ್ಕು. ಕೈಯಲ್ಲಿ ಲೆಕ್ಕ ಹಾಕಿ ಮುಗಿಯೋ ಮಾತಲ್ಲ.

ಕಂಪ್ಯೂಟರ್ ಬಂದ ಮೇಲೂ ಒಂದು ತೊಂದರೆ ಉಳೀತು: ಉತ್ತರ ಸರಿ ಇದೆಯಾ ಅಂತ ಯಾವುದರ ಜೊತೆ ಟ್ಯಾಲಿ ಮಾಡೋದು? 1972ರಲ್ಲಿ ಅಮೆರಿಕ, ಕೆನಡಾ ಸೇರಿ ಒಂಟಾರಿಯೊ ಸರೋವರವನ್ನ ಒಂದು ವರ್ಷ ಅಳೆದವು. ಹಡಗು, ತೇಲುವ ಉಪಕರಣ, ವಿಮಾನ, ಏನೂ ಬಿಡಲಿಲ್ಲ. ಅದೇ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತವೂ ಬಂತು. ಜನಕ್ಕೆ ಅದು ಅನಾಹುತ, ಲೆಕ್ಕದವರಿಗೆ ಕಠಿಣ ಪರೀಕ್ಷೆ. ಕೆನಡಾದ ಸೈಮನ್ಸ್ ಅವರು ತಮ್ಮ ಮಾಡೆಲ್ ಅನ್ನ ಆ ವರ್ಷದ ಅಳತೆಗಳ ಜೊತೆ ಇಟ್ಟು ನೋಡಿ 1974ರಲ್ಲಿ ಪ್ರಕಟಿಸಿದರು. ನನ್ನ ಪ್ರಕಾರ ಈ ಕಥೆಯಲ್ಲಿ ಯಾವ ಕಂಪ್ಯೂಟರ್‌ಗಿಂತಲೂ ಆ ಒಂದು ವರ್ಷದ ಅಳತೆಯೇ ದೊಡ್ಡದು.

(4/4)
ಆಮೇಲೆ ಪ್ರಿನ್ಸ್‌ಟನ್‌ನಲ್ಲಿ ಸಮುದ್ರಕ್ಕೆ ಅಂತ ಮಾಡಿದ್ದ ಮಾಡೆಲ್ ಅನ್ನ ಸರೋವರಗಳಿಗೆ ಹೊಂದಿಸಿದರು. ಬೆಲೆಟ್‌ಸ್ಕಿ, ಶ್ವಾಬ್, ಮೆಕಾರ್ಮಿಕ್ ಅವರು ಮಿಷಿಗನ್ ಅನ್ನ 2 ಕಿ.ಮೀ. ಚೌಕಗಳಾಗಿ ಕತ್ತರಿಸಿ, 1998ರಿಂದ 2003ರವರೆಗಿನ ಆರು ಬೇಸಿಗೆಗಳನ್ನ ಕಂಪ್ಯೂಟರಲ್ಲಿ ಮತ್ತೆ ಓಡಿಸಿದರು. ಬಾಟಲಿ ಬಿಟ್ಟಿದ್ದ ಖಾಲಿ ಎಂಟ್ರಿಗಳು ಹೀಗೆ ತುಂಬ್ತಾ ಬಂದವು. ಆದ್ರೂ ಇಂಥ ಮಾಡೆಲ್‌ಗಳಲ್ಲಿ ಒಂದು ಹಳೇ ಕೊರತೆ ಇದೆ. ಬಿಸಿನೀರು-ತಣ್ಣೀರಿನ ನಡುವಿನ ಚೂಪಾದ ಗಡಿ ಲೆಕ್ಕದಲ್ಲಿ ಕಲಸಿಕೊಂಡು ಮಸುಕಾಗಿ ಬರುತ್ತೆ.

ಈಗ ಈರಿ ಸರೋವರದಲ್ಲಿ ಪಾಚಿ ಮುಂದಿನ ಕೆಲವು ದಿನ ಎತ್ತ ಸಾಗುತ್ತೆ ಅನ್ನೋ ಮುನ್ಸೂಚನೆ ಬರೋದು ಇದೇ ಬಗೆಯ ಮಾಡೆಲ್‌ಗಳಿಂದ. ಪಾಚಿಗೆ ಊಟ ಹಾಕೋ ರಂಜಕ ಮಾತ್ರ ಹೊಲಗಳಿಂದ ಮೌಮೀ ನದಿಯಲ್ಲಿ ಪ್ರತಿ ವರ್ಷ ಬರ್ತಾನೇ ಇದೆ.

#ಇತಿಹಾಸ #ನೀರು #ಕನ್ನಡದಲ್ಲಿವಿಜ್ಞಾನ