ಮಾದಕ ವಸ್ತು ನಿಯಂತ್ರಣ: ಭಾರತದ ಶಾಸನ ಚರ್ಚೆಗಳ ಇತಿಹಾಸ

ಅಫೀಮು, ಗಾಂಜಾ, ಹೆರಾಯಿನ್ ಮೊದಲಾದ ಮಾದಕ ವಸ್ತುಗಳ ಅಕ್ರಮ ವ್ಯಾಪಾರವನ್ನು ತಡೆಯಲು ಭಾರತದಲ್ಲಿ ಇಂದು ಜಾರಿಯಲ್ಲಿರುವ ಮುಖ್ಯ ಶಾಸನ 1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಕ ವಸ್ತುಗಳ (ಎನ್‌ಡಿಪಿಎಸ್) ಕಾಯ್ದೆ. ಮಾರುವವನಿಗೂ ಸೇವಿಸುವವನಿಗೂ ಎಷ್ಟೆಷ್ಟು ಶಿಕ್ಷೆ ಎಂಬ ಜಗಳ ಈ ಕಾಯ್ದೆಗಿಂತ ಬಹಳ ಹಳೆಯದು. ಕಾಯ್ದೆ ಅವಸರದಲ್ಲಿ ಹುಟ್ಟಿತು. ಅದರ ತಪ್ಪು ತಿದ್ದುವುದಕ್ಕೆ ಸಂಸತ್ತು ದಶಕಗಳನ್ನೇ ತೆಗೆದುಕೊಂಡಿತು.

ಮೊದಮೊದಲ ಚರ್ಚೆಗಳು ನಡೆದದ್ದು ಲಂಡನ್ನಿನಲ್ಲಿ. ಅಲ್ಲಿ ಕಟಕಟೆಯಲ್ಲಿ ನಿಂತದ್ದು ಕಳ್ಳಸಾಗಣೆದಾರನಲ್ಲ, ಸರ್ಕಾರವೇ. 1857 ಮತ್ತು 1878ರ ಅಫೀಮು ಕಾಯ್ದೆಗಳು ಗಸಗಸೆ ಬೆಳೆಯನ್ನೂ ಅದರ ಮಾರಾಟವನ್ನೂ ಸರ್ಕಾರದ ಹಿಡಿತದಲ್ಲಿಟ್ಟಿದ್ದವು. ಚೀನಾಕ್ಕೆ ಹೋಗುತ್ತಿದ್ದ ಅಫೀಮು ಬ್ರಿಟಿಷ್ ಇಂಡಿಯಾದ ಬೊಕ್ಕಸ ತುಂಬುವ ದೊಡ್ಡ ಬಾಬುಗಳಲ್ಲಿ ಒಂದಾಗಿತ್ತು. 1891ರ ಏಪ್ರಿಲ್‌ನಲ್ಲಿ ಜೋಸೆಫ್ ಪೀಸ್ ಎಂಬ ಸದಸ್ಯ ಈ ಆದಾಯ ನೀತಿಗೆ ವಿರುದ್ಧವಾದದ್ದೆಂದು ಕಾಮನ್ಸ್ ಸಭೆಯಲ್ಲಿ ವಾದಿಸಿದಾಗ 160 ಮತಗಳು ಅವನ ಪರವಾಗಿಯೂ 130 ವಿರುದ್ಧವಾಗಿಯೂ ಬಿದ್ದವು. ಸರ್ಕಾರ ಆಯೋಗ ನೇಮಿಸಿ ಕಾಲ ತಳ್ಳಿತು. ಲಾರ್ಡ್ ಬ್ರಾಸಿ ಅಧ್ಯಕ್ಷತೆಯ ರಾಯಲ್ ಆಯೋಗ 1895ರಲ್ಲಿ ಕೊಟ್ಟ ವರದಿ ಇದ್ದ ವ್ಯವಸ್ಥೆಯನ್ನೇ ಬಹುಮಟ್ಟಿಗೆ ಎತ್ತಿಹಿಡಿಯಿತು. ಆಯೋಗದ ಸದಸ್ಯ ಹೆನ್ರಿ ವಿಲ್ಸನ್ ಮಾತ್ರ ಭಿನ್ನಮತ ಬರೆದ.

ಗಾಂಜಾದ ವಿಚಾರಣೆ ಇದಕ್ಕಿಂತ ಪ್ರಾಮಾಣಿಕವಾಗಿತ್ತು. 1893ರಲ್ಲಿ ಕಾಮನ್ಸ್ ಸಭೆಯಲ್ಲಿ ಡಬ್ಲ್ಯು.ಎಸ್. ಕೇನ್ ಎತ್ತಿದ ಪ್ರಶ್ನೆಯಿಂದ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗ ನೇಮಕವಾಯಿತು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷ. ಏಳು ಸದಸ್ಯರಲ್ಲಿ ಮೂವರು ಭಾರತೀಯರು. ಊರೂರು ತಿರುಗಿ 1,193 ಸಾಕ್ಷಿಗಳ ಹೇಳಿಕೆ ಪಡೆದ ಆಯೋಗ, ಭಂಗಿ ಗಾಂಜಾಗಳ ಮಿತ ಸೇವನೆಯಿಂದ ದೊಡ್ಡ ಹಾನಿಯಿಲ್ಲ, ಸಂಪೂರ್ಣ ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆಯಿಂದ ಹತೋಟಿಯಲ್ಲಿಡಿ ಎಂದು 1894ರಲ್ಲಿ ಸಲಹೆ ಕೊಟ್ಟಿತು. ತೆರಿಗೆಯ ಮೇಲಿನ ಆಸೆಯೂ ಸರ್ಕಾರಕ್ಕೆ ಇದ್ದೇ ಇತ್ತು. ಆದರೂ ಹುಚ್ಚಾಸ್ಪತ್ರೆಯ ದಾಖಲೆಗಳನ್ನು ಒಂದೊಂದಾಗಿ ತೆಗೆದು, ಗಾಂಜಾದಿಂದಲೇ ಹುಚ್ಚು ಹಿಡಿಯಿತೆಂದು ಬರೆದದ್ದು ಎಷ್ಟು ಸರಿ ಎಂದು ಪರೀಕ್ಷಿಸಿದ ಆ ಶ್ರದ್ಧೆ ಆಮೇಲಿನ ಚರ್ಚೆಗಳಲ್ಲಿ ಅಪರೂಪ.

ಸಂವಿಧಾನ ಸಭೆಯಲ್ಲಿ ಗಾಳಿ ಬೇರೆ ಕಡೆಗೆ ಬೀಸುತ್ತಿತ್ತು. ಇಂದಿನ 47ನೇ ವಿಧಿ 1948ರ ನವೆಂಬರ್‌ನಲ್ಲಿ ಚರ್ಚೆಗೆ ಬಂದಾಗ, ಮಹಾವೀರ ತ್ಯಾಗಿ ಮೊದಲಾದವರ ಒತ್ತಾಯದಿಂದ ಪಾನನಿಷೇಧದ ಜೊತೆಗೆ ಆರೋಗ್ಯಕ್ಕೆ ಮಾರಕವಾದ ಮಾದಕ ವಸ್ತುಗಳ ನಿಷೇಧವೂ ಸೇರಿಕೊಂಡಿತು. ಆದಿವಾಸಿಗಳ ಪರವಾಗಿ ಎದ್ದುನಿಂತ ಜೈಪಾಲ್ ಸಿಂಗ್, ಅಕ್ಕಿಯ ಕಳ್ಳು ತಮ್ಮ ಜನರ ಪೂಜೆ ಪುನಸ್ಕಾರಗಳ ಅಂಗವೆಂದು ಹೇಳಿ ವಿರೋಧಿಸಿದರು. ಅವರು ಹೇಳಿದ್ದು ಮದ್ಯದ ಬಗ್ಗೆ. ಆದರೆ ಆಚರಣೆಯಲ್ಲಿ ಬೆರೆತದ್ದನ್ನು ಅಪರಾಧವೆಂದು ಹೇಗೆ ಕರೆಯುವುದು ಎಂಬ ಅವರ ಪ್ರಶ್ನೆ ಗಾಂಜಾಕ್ಕೂ ಹೊಂದುತ್ತದೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗುವುದನ್ನು 2020ರಲ್ಲೂ ಪತ್ರಿಕೆಗಳು ವರದಿ ಮಾಡಿದ್ದವು.

1961ರ ವಿಶ್ವಸಂಸ್ಥೆಯ ಒಪ್ಪಂದ ಗಾಂಜಾದ ವೈದ್ಯಕೀಯೇತರ ಬಳಕೆಯನ್ನು ನಿಲ್ಲಿಸಲು 25 ವರ್ಷಗಳ ಗಡುವು ಕೊಟ್ಟಿತು. ಗಿಡದ ಎಲೆಯನ್ನು ವ್ಯಾಖ್ಯೆಯಿಂದ ಹೊರಗಿಟ್ಟದ್ದರಿಂದ ಎಲೆಯಿಂದ ಮಾಡುವ ಭಂಗಿ ಉಳಿದುಕೊಂಡಿತು. ಗಡುವು ಹತ್ತಿರವಾಗುತ್ತಿದ್ದಾಗ, ಪಾಕಿಸ್ತಾನ–ಅಫ್ಘಾನಿಸ್ತಾನ ಕಡೆಯ ಹೆರಾಯಿನ್ ಭಾರತದ ಮೂಲಕ ಪಶ್ಚಿಮಕ್ಕೆ ಸಾಗುತ್ತಿದ್ದ ಕಾಲದಲ್ಲಿ, ರಾಜೀವ್ ಗಾಂಧಿ ಸರ್ಕಾರ 1985ರ ಆಗಸ್ಟ್ 23ರಂದು ಹೊಸ ಮಸೂದೆ ಮಂಡಿಸಿತು. ಮಸೂದೆ ಬಂದದ್ದು ಗೃಹ ಇಲಾಖೆಯಿಂದಲ್ಲ, ಆರೋಗ್ಯ ಇಲಾಖೆಯಿಂದಲೂ ಅಲ್ಲ, ಹಣಕಾಸು ಸಚಿವಾಲಯದಿಂದ. ಆಗ ಅಲ್ಲಿ ವಿ.ಪಿ. ಸಿಂಗ್ ಸಚಿವರು, ಮಂಗಳೂರಿನ ಜನಾರ್ದನ ಪೂಜಾರಿ ರಾಜ್ಯ ಸಚಿವರು. ಸೆಪ್ಟೆಂಬರ್ 16ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು, ನವೆಂಬರ್ 14ಕ್ಕೆ ಕಾಯ್ದೆ ಜಾರಿಯಾಯಿತು. ಮಂಡನೆಗೂ ಅಂಕಿತಕ್ಕೂ ನಡುವೆ ಒಂದು ತಿಂಗಳೂ ಇಲ್ಲ. ಇಷ್ಟು ಕಠಿಣವಾದ ಶಾಸನಕ್ಕೆ ಅದು ಸಾಲದ ಸಮಯ.

ಹಳೆಯ ಕಾನೂನಿನಲ್ಲಿ ಮೊದಲ ಅಪರಾಧಕ್ಕೆ ಹೆಚ್ಚೆಂದರೆ ಮೂರು ವರ್ಷ ಸೆರೆವಾಸವಿತ್ತು. ಹೊಸದರಲ್ಲಿ ಹೆರಾಯಿನ್, ಅಫೀಮು, ಕೊಕೇನ್, ಚರಸ್ ಪ್ರಕರಣಗಳಿಗೆ ಕನಿಷ್ಠ 10 ವರ್ಷ, ಗರಿಷ್ಠ 20. ಗಾಂಜಾಕ್ಕೆ ಐದು ವರ್ಷದವರೆಗೆ. ಸ್ವಂತ ಬಳಕೆಗೆಂದು ಸಾಬೀತಾದ ಅಲ್ಪ ಪ್ರಮಾಣಕ್ಕೆ ರಿಯಾಯಿತಿ ಇತ್ತಾದರೂ ಹೆರಾಯಿನ್‌ಗೆ ಆ ಮಿತಿ 250 ಮಿಲಿಗ್ರಾಂ. ಅದಕ್ಕಿಂತ ತುಸು ಹೆಚ್ಚು ಜೇಬಿನಲ್ಲಿದ್ದ ವ್ಯಸನಿಗೂ ಕಿಲೋಗಟ್ಟಲೆ ಸಾಗಿಸಿದವನಿಗೂ ಕನಿಷ್ಠ ಶಿಕ್ಷೆ ಒಂದೇ ಆಯಿತು.

1988ರ ತಿದ್ದುಪಡಿ 1989ರ ಮೇ 29ರಿಂದ ಜಾರಿಗೆ ಬಂದು ಇದನ್ನು ಇನ್ನೂ ಬಿಗಿ ಮಾಡಿತು. ವಿಶೇಷ ನ್ಯಾಯಾಲಯಗಳು, ಆಸ್ತಿ ಮುಟ್ಟುಗೋಲು, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದ್ದರೆ ಮಾತ್ರ ಜಾಮೀನು ಎನ್ನುವ 37ನೇ ಸೆಕ್ಷನ್ ಎಲ್ಲವೂ ಬಂದವು. ದೊಡ್ಡ ಪ್ರಮಾಣದೊಂದಿಗೆ ಎರಡನೇ ಬಾರಿ ತಪ್ಪಿತಸ್ಥನಾದವನಿಗೆ ಮರಣದಂಡನೆ ಕಡ್ಡಾಯವಾಯಿತು. ನ್ಯಾಯಾಧೀಶರ ವಿವೇಚನೆಗೆ ಜಾಗವೇ ಇರಲಿಲ್ಲ. 2011ರಲ್ಲಿ ಬಾಂಬೆ ಹೈಕೋರ್ಟ್ ಈ ಕಡ್ಡಾಯವನ್ನು ತೆಗೆದು ವಿವೇಚನೆಗೆ ಬಿಟ್ಟಿತು. ಸಂಸತ್ತು 2014ರಲ್ಲಿ ಅದನ್ನು ಒಪ್ಪಿಕೊಂಡಿತು.

ತೂಕಕ್ಕೆ ತಕ್ಕ ಶಿಕ್ಷೆ ಎಂಬ ತತ್ವ ಬರಲು 16 ವರ್ಷ ಬೇಕಾಯಿತು. 2001ರ ತಿದ್ದುಪಡಿ ಅಲ್ಪ, ಮಧ್ಯಮ, ವಾಣಿಜ್ಯ ಎಂದು ಮೂರು ಮಜಲು ಮಾಡಿತು. ಹೆರಾಯಿನ್ 5 ಗ್ರಾಂವರೆಗೆ ಅಲ್ಪ, 250 ಗ್ರಾಂ ದಾಟಿದರೆ ವಾಣಿಜ್ಯ. ಗಾಂಜಾಕ್ಕೆ ಇದೇ ಮಿತಿಗಳು 1 ಕಿಲೋ ಮತ್ತು 20 ಕಿಲೋ. ಒಡನೆಯೇ ಹೊಸ ತಕರಾರು ಎದ್ದಿತು: ಬೆರಕೆ ಪುಡಿಯಲ್ಲಿ ಶುದ್ಧ ಮಾದಕವನ್ನಷ್ಟೇ ತೂಗಬೇಕೋ, ಇಡೀ ಪೊಟ್ಟಣವನ್ನೋ? ಸುಪ್ರೀಂ ಕೋರ್ಟ್ 2008ರಲ್ಲಿ ಶುದ್ಧಾಂಶ ಎಂದಿತು. ಸರ್ಕಾರ 2009ರ ಅಧಿಸೂಚನೆಯಿಂದ ಅದನ್ನು ಬದಲಿಸಿತು. 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಕೋರ್ಟೇ ಇಡೀ ಮಿಶ್ರಣದ ತೂಕ ಲೆಕ್ಕಕ್ಕೆ ಬರುತ್ತದೆ ಎಂದಿತು. ಗ್ಲೂಕೋಸ್ ಬೆರೆಸಿ ಮಾರುವ ಬೀದಿ ವ್ಯಾಪಾರಿಯ ಶಿಕ್ಷೆ ಈಗ ಗ್ಲೂಕೋಸ್ ತೂಕದಿಂದಲೂ ಏರುತ್ತದೆ.

ಕಾಯ್ದೆಯ ಅತಿ ಕ್ರೂರ ಪರಿಣಾಮಕ್ಕೂ ಕಳ್ಳಸಾಗಣೆಗೂ ಸಂಬಂಧವೇ ಇರಲಿಲ್ಲ. ಒಂದು ಸೀಸೆ ಮಾರ್ಫಿನ್ ತರಿಸಲು ಆಸ್ಪತ್ರೆಗಳು ಬೇರೆ ಬೇರೆ ಇಲಾಖೆಗಳ ಹಲವು ಪರವಾನಗಿ ಪಡೆಯಬೇಕಿತ್ತು. ಎಲ್ಲ ಪರವಾನಗಿಗಳೂ ಒಂದೇ ಕಾಲಕ್ಕೆ ಚಾಲ್ತಿಯಲ್ಲಿರಬೇಕಿತ್ತು. ಜೈಲಿಗೆ ಹೆದರಿದ ಔಷಧ ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1985ರ ನಂತರದ ಒಂದು ದಶಕದಲ್ಲಿ ದೇಶದ ಮಾರ್ಫಿನ್ ಬಳಕೆ ಶೇ 90ಕ್ಕೂ ಹೆಚ್ಚು ಕುಸಿಯಿತು. ಜಗತ್ತಿಗೆ ಔಷಧದ ಅಫೀಮು ಬೆಳೆದುಕೊಡುವ ದೇಶದಲ್ಲೇ ಕ್ಯಾನ್ಸರ್ ರೋಗಿಗಳು ನೋವಿನಿಂದ ನರಳಿದರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮುಂತಾದ ಉಪಶಾಮಕ ಚಿಕಿತ್ಸೆಯ ವೈದ್ಯರ ದೀರ್ಘ ಹೋರಾಟದ ಫಲವಾಗಿ 2014ರ ತಿದ್ದುಪಡಿಯಲ್ಲಿ ‘ಅಗತ್ಯ ಮಾದಕ ಔಷಧ’ ಎಂಬ ವರ್ಗ ಸೇರಿತು.

ಆ ಒಳ್ಳೆಯ ಕೆಲಸದಲ್ಲೇ ಒಂದು ಎಡವಟ್ಟಾಯಿತು. ಹೊಸ ವರ್ಗಕ್ಕೆ ಜಾಗ ಮಾಡುವಾಗ ಅಕ್ರಮ ಸಾಗಣೆಯ ವ್ಯಾಖ್ಯೆಯ ಕ್ರಮಾಂಕ ಬದಲಾಯಿತು. ಆದರೆ ಸಾಗಣೆಗೆ ಹಣ ಹೂಡುವವರನ್ನು ಶಿಕ್ಷಿಸುವ 27ಎ ಸೆಕ್ಷನ್ ಹಳೆಯ ಕ್ರಮಾಂಕವನ್ನೇ ತೋರಿಸುತ್ತ ಉಳಿಯಿತು. ಏಳು ವರ್ಷ ಆ ಸೆಕ್ಷನ್ ಬೊಟ್ಟು ಮಾಡುತ್ತಿದ್ದದ್ದು ಔಷಧದ ಕಡೆಗೆ. 2021ರಲ್ಲಿ ತ್ರಿಪುರಾ ಹೈಕೋರ್ಟ್ ಇದನ್ನು ಎತ್ತಿ ತೋರಿಸಿದ ಮೇಲೆ ಸುಗ್ರೀವಾಜ್ಞೆ ಹೊರಟಿತು, ಡಿಸೆಂಬರ್‌ನಲ್ಲಿ ಮಸೂದೆ ಬಂತು. ಹಿಂದಿನ ದಿನಾಂಕದಿಂದ ಶಿಕ್ಷೆ ಹೇರುವುದು ಸಂವಿಧಾನದ 20ನೇ ವಿಧಿಗೆ ವಿರುದ್ಧ ಎಂದು ವಿರೋಧ ಪಕ್ಷಗಳು ಆಕ್ಷೇಪಿಸಿದವು. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರ ಪ್ರಕಾರ ಅದು ಬರೀ ಬರಹದ ದೋಷದ ತಿದ್ದುಪಡಿ. ಆಕ್ಷೇಪಕ್ಕೆ ಹುರುಳಿತ್ತು. ಮಸೂದೆ ಎರಡೂ ಸದನಗಳಲ್ಲಿ ಅಂಗೀಕಾರವಾಯಿತು.

ಸಡಿಲಿಕೆಯ ಪರ ದನಿಗಳೂ ಇವೆ. ಒಡಿಶಾದ ಸಂಸದ ತಥಾಗತ ಸತ್ಪಥಿ ಗಾಂಜಾ ನಿಷೇಧವನ್ನು ಬಡವರ ಮೇಲೆ ಉಳ್ಳವರು ಹೇರಿದ ಕಟ್ಟಳೆಯೆಂದು ವಾದಿಸಿದರು. ಪಂಜಾಬಿನ ಪಟಿಯಾಲದ ಸಂಸದ, ಹೃದ್ರೋಗ ತಜ್ಞ ಧರ್ಮವೀರ ಗಾಂಧಿ, ಅಫೀಮಿನ ಸಿಪ್ಪೆ ಮತ್ತು ಗಾಂಜಾದಂಥ ಸೌಮ್ಯ ವಸ್ತುಗಳಿಗೆ ವಿನಾಯಿತಿ ಕೋರಿ 2016ರಲ್ಲಿ ಖಾಸಗಿ ಮಸೂದೆ ತಂದರು. ಅದೇ ಪಂಜಾಬಿನ ಸಚಿವ ಸಂಪುಟ 2018ರಲ್ಲಿ ಮೊದಲ ಬಾರಿ ಸಿಕ್ಕಿಬಿದ್ದ ಮಾರಾಟಗಾರನಿಗೂ ಗಲ್ಲು ಕೇಳಿತು. ಏಮ್ಸ್ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ದೇಶದಲ್ಲಿ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ, ಚರಸ್ ಬಳಸುತ್ತಾರೆ ಎಂದಿತ್ತು. 2022ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ನಡೆದ ಚರ್ಚೆಗೆ ಉತ್ತರಿಸಿದ ಗೃಹ ಸಚಿವ ಅಮಿತ್ ಶಾ, ಸೇವಿಸುವವರು ಬಲಿಪಶುಗಳು, ಅಪರಾಧಿಗಳು ಸಾಗಿಸುವವರು ಎಂದರು. ಸ್ವಯಂಪ್ರೇರಣೆಯಿಂದ ಚಿಕಿತ್ಸೆಗೆ ಬಂದ ವ್ಯಸನಿಯನ್ನು ಮೊಕದ್ದಮೆಯಿಂದ ಬಿಡುವ 64ಎ ಸೆಕ್ಷನ್ ಕಾಯ್ದೆಯಲ್ಲಿದೆ. ಹಾಗಿದ್ದೂ 27ನೇ ಸೆಕ್ಷನ್ನಿನಡಿ ಹೆರಾಯಿನ್, ಕೊಕೇನ್ ಸೇವನೆಗೆ ಒಂದು ವರ್ಷದವರೆಗೆ, ಇತರ ಮಾದಕಗಳ ಸೇವನೆಗೆ ಆರು ತಿಂಗಳವರೆಗೆ ಜೈಲು ಉಳಿದಿದೆ.