ಉದ್ದ, ಅಗಲ ಮತ್ತು ನೇರ ಮೂಲೆ

ಆಯತದ ವಿಸ್ತೀರ್ಣ ಎಷ್ಟು ಅಂತ ಕೇಳಿದರೆ ಕನ್ನಡ ಶಾಲೆಯ ಮಗು ಉದ್ದವನ್ನು ಅಗಲದಿಂದ ಗುಣಿಸಬೇಕು ಎನ್ನುತ್ತದೆ. ಉರ್ದು ಶಾಲೆಯ ಮಗು ‘ಲಂಬಾಯಿ ಜರಬ್ ಚೌಡಾಯಿ’ ಎನ್ನುತ್ತದೆ. ಎರಡೂ ಸರಿ. ಆದರೆ ಈ ಸೂತ್ರದೊಳಗೆ ಒಂದು ಷರತ್ತು ಅಡಗಿದೆ. ನಾಲ್ಕೂ ಮೂಲೆಗಳು ಲಂಬಕೋನವಾಗಿರಬೇಕು. ಪುಸ್ತಕದ ಆಯತದಲ್ಲಿ ಅದು ಇದ್ದೇ ಇರುತ್ತದೆ. ಹೊಲದಲ್ಲಿ ಇರಬೇಕಲ್ಲ!

ಹೊಲ ಸೊಟ್ಟಗಿದ್ದಾಗ ಹಿಂದಿನವರು ಒಂದು ಸುಲಭದ ದಾರಿ ಹಿಡಿದರು. ಎದುರುಬದುರಿನ ಬದಿಗಳನ್ನು ಕೂಡಿಸಿ ಅರ್ಧ ಮಾಡುವುದು, ಆ ಎರಡು ಅರ್ಧಗಳನ್ನು ಗುಣಿಸುವುದು. ಈಜಿಪ್ಟಿನ ಎಡ್ಫು ದೇವಾಲಯದ ಗೋಡೆಗಳ ಮೇಲೆ ಕೆತ್ತಿದ ಜಮೀನಿನ ಲೆಕ್ಕಗಳಲ್ಲಿ ಇದೇ ಕ್ರಮ ಇದೆ. ನಮ್ಮ ದೇಶದಲ್ಲಿ ಬ್ರಹ್ಮಗುಪ್ತ 628ರಲ್ಲಿ ಬರೆದ ಗ್ರಂಥದಲ್ಲಿ ಇದನ್ನು ‘ಸ್ಥೂಲ’ ಲೆಕ್ಕ ಎಂದು ಬೇರೆಯಾಗಿಯೇ ಇಟ್ಟ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ವ್ಯವಹಾರಕ್ಕೆ ಸಾಕಾಗುವ ಲೆಕ್ಕ ಬೇರೆ, ಸೂಕ್ಷ್ಮ ಲೆಕ್ಕ ಬೇರೆ ಎಂದು ವಿಂಗಡಿಸಿದ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಈ ಸ್ಥೂಲ ಲೆಕ್ಕದಲ್ಲಿ ಒಂದು ವಿಚಿತ್ರ ಇದೆ ನೋಡಿ. ಅದು ಆಯತಕ್ಕೆ ಮಾತ್ರ ಸರಿಯಾದ ಉತ್ತರ ಕೊಡುತ್ತದೆ. ಉಳಿದ ಎಲ್ಲ ಚತುರ್ಭುಜಗಳಿಗೂ ಹೆಚ್ಚೇ ತೋರಿಸುತ್ತದೆ, ಕಡಿಮೆ ತೋರಿಸುವುದೇ ಇಲ್ಲ. ಕಂದಾಯ ಕಟ್ಟುವವನಿಗೆ ಅದು ನಷ್ಟ, ವಸೂಲಿ ಮಾಡುವವನಿಗೆ ಲಾಭ.

ಬಗ್ದಾದಿನಲ್ಲಿ ಖಲೀಫ ಮಾಮೂನರ ಕಾಲದಲ್ಲಿ ಅಲ್-ಖ್ವಾರಿಜ್ಮಿ ಬರೆದ ‘ಅಲ್-ಜಬ್ರ್’ ಗ್ರಂಥವನ್ನು ನಾವು ಬೀಜಗಣಿತಕ್ಕಷ್ಟೇ ನೆನೆಯುತ್ತೇವೆ. ಆದರೆ ವಾರಸುದಾರಿಕೆ, ಪಾಲು, ವ್ಯಾಪಾರ, ಭೂಮಿಯ ಅಳತೆ, ಕಾಲುವೆ ತೋಡುವುದು, ಇಂಥ ಕೆಲಸಗಳಿಗೆ ಬೇಕಾದ ಗಣಿತ ಇದು ಎಂದು ಅವರು ಪೀಠಿಕೆಯಲ್ಲೇ ಹೇಳುತ್ತಾರೆ. ಅದರ ಅಳತೆಯ ಅಧ್ಯಾಯ ಶುರುವಾಗುವುದು ಒಂದು ಮೊಳ ಉದ್ದ, ಒಂದು ಮೊಳ ಅಗಲದ ಚೌಕದಿಂದ. ಬದಿಗಳ ಜೊತೆ ಕೋನಗಳೂ ಸಮ ಇರಬೇಕು ಎಂಬ ಮಾತು ಅಲ್ಲೇ ಬರುತ್ತದೆ. ಬದಿಗಳು ಸಮವಾಗಿದ್ದು ಮೂಲೆ ವಾಲಿದ್ದರೆ, ಅಂದರೆ ವಜ್ರಾಕೃತಿಯಾದರೆ, ಒಂದು ಕರ್ಣವನ್ನು ಇನ್ನೊಂದರ ಅರ್ಧದಿಂದ ಗುಣಿಸಬೇಕು. ಪಾಲಿನಲ್ಲಿ ಅನ್ಯಾಯ ಆಗಬಾರದು ಅಂದರೆ ಮೊದಲು ಅಳತೆ ಸರಿ ಇರಬೇಕಲ್ಲವೇ?

ಮೊಘಲರ ಕಾಲದಲ್ಲಿ ಇನ್ನೊಂದು ತೊಡಕಿತ್ತು. ಸೆಣಬಿನ ಹಗ್ಗ ಒದ್ದೆಯಾದರೆ ಕುಗ್ಗುತ್ತದೆ. ಕುಗ್ಗಿದ ಹಗ್ಗದಲ್ಲಿ ಅಳೆದರೆ ಅದೇ ಹೊಲ ದೊಡ್ಡದಾಗಿ ಕಾಣುತ್ತದೆ. ಅಕ್ಬರನ ಆಡಳಿತ ಹಗ್ಗ ಬಿಟ್ಟು, ಕಬ್ಬಿಣದ ಬಳೆಗಳಿಂದ ಜೋಡಿಸಿದ ಬಿದಿರಿನ ಜರೀಬು ತಂದದ್ದು ಇದಕ್ಕೇ. 60 ಗಜ ಉದ್ದ, 60 ಗಜ ಅಗಲ, 3600 ಚದರ ಗಜ ಅಂದರೆ ಒಂದು ಬಿಘಾ. ಅದರ 20ನೇ ಒಂದು ಭಾಗ ಬಿಸ್ವಾ.

ಬಿದಿರು ಕುಗ್ಗಲಿಲ್ಲ, ಸರಿ. ಮೂಲೆಯ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ನಾಲ್ಕೂ ಬದಿ 60 ಗಜ ಇರುವ, ಆದರೆ ಸ್ವಲ್ಪ ವಾಲಿದ ಒಂದು ಹೊಲ ತೆಗೆದುಕೊಳ್ಳಿ. ಅದರ ಕರ್ಣಗಳು 72 ಮತ್ತು 96 ಗಜ ಇರಲಿ. ಖ್ವಾರಿಜ್ಮಿ ಲೆಕ್ಕದಲ್ಲಿ ಅದು 3456 ಚದರ ಗಜ. ಬರೀ ಬದಿಗಳನ್ನು ಗುಣಿಸಿದರೆ 3600. ಇಲ್ಲದ 144 ಚದರ ಗಜಕ್ಕೆ ರೈತ ಕಂದಾಯ ಕಟ್ಟಬೇಕು, ಅದೂ ಪ್ರತಿ ವರ್ಷ.

ಆ ಕಾಲದ ಕಚೇರಿಯ ಭಾಷೆ ನಮ್ಮ ಕನ್ನಡದಲ್ಲಿ ಇನ್ನೂ ಉಳಿದಿದೆ. ರೈತ, ಜಮೀನು, ತಹಸೀಲ್ದಾರ, ಖುಷ್ಕಿ, ತರಿ, ಎಲ್ಲ ಅರಬ್ಬಿ-ಪಾರ್ಸಿಯಿಂದ ಬಂದು ನಮ್ಮವೇ ಆದ ಮಾತುಗಳು. ಅಳತೆಯ ಹೆಸರುಗಳೋ ಊರಿಂದೂರಿಗೆ ಬದಲಾಗುತ್ತವೆ. ದೆಹಲಿ, ಹೈದರಾಬಾದಿನಲ್ಲಿ ನಿವೇಶನವನ್ನು ಗಜದಲ್ಲಿ ಹೇಳುತ್ತಾರೆ. ಲೆಕ್ಕ ಚದರ ಗಜದ್ದು. ಚೆನ್ನೈನಲ್ಲಿ ಒಂದು ಗ್ರೌಂಡ್ ಅಂದರೆ 2400 ಚದರ ಅಡಿ. ಪುಣೆಯಲ್ಲೂ ಕರ್ನಾಟಕದಲ್ಲೂ ಗುಂಟೆ ನಡೆಯುತ್ತದೆ: 33 ಅಡಿ ಉದ್ದ, 33 ಅಡಿ ಅಗಲ, 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ.

ಹೆಸರು ಯಾವುದೇ ಇರಲಿ, ಷರತ್ತು ಅದೇ. ಹೊರಗೆ ದುಡಿಯುವ ನಮ್ಮವರು ಊರಲ್ಲಿ 30-40ರ ಸೈಟು ಕೊಳ್ಳುವಾಗ ನಾಲ್ಕು ಬದಿಗೆ ಟೇಪು ಹಿಡಿದು 1200 ಚದರ ಅಡಿ ಅಂತ ಒಪ್ಪಿಬಿಡುತ್ತಾರೆ. ಇನ್ನೊಂದು ಸಲ ಟೇಪು ಹಿಡಿಯಿರಿ, ಮೂಲೆಯಿಂದ ಎದುರು ಮೂಲೆಗೆ. ಸರಿಯಾಗಿ 50 ಅಡಿ ಬಂದರೆ ಅದು ಆಯತ, 1200 ನಿಜ. 50ಕ್ಕಿಂತ ಹೆಚ್ಚೋ ಕಡಿಮೆಯೋ ಬಂದರೆ ಜಾಗ 1200ಕ್ಕಿಂತ ಕಡಿಮೆಯೇ, ಪತ್ರದಲ್ಲಿ ಏನೇ ಬರೆದಿರಲಿ.